ಮೊದಲು ತೊಟ್ಟ ಕೈ

ಗಾಜಿನ ಕಡಗದ ದೀಪ ಆರಿ, ಗೋಡೆಯ ಮೇಲೆ ತೀರ್ಪು ಮೂಡಿತು: 'ಮುಂದೂಡುವ ಬಗೆ.' ಹತ್ತೊಂಬತ್ತರ ಸುಕನ್ಯಾ ಬಳೆಗಾರ ಅದನ್ನು ಎರಡೆರಡು ಸಲ ಓದಿಕೊಂಡಳು. ಕಾರವಾರದಾಚೆಯ ಕಡಲತಳದ ಸಂಶೋಧನಾ ನಿಲ್ದಾಣ ಸೇರುವ ಅವಳ ಆಸೆ ಅಲ್ಲಿಗೆ ಮಣ್ಣುಪಾಲಾಯಿತು.

ಧಾರವಾಡದ ಡಾ. ವಿಶಾಲಾಕ್ಷಿ ಪಡಸಲಗಿ ರೂಪಿಸಿದ ಈ 'ಸ್ವತ್ವಮಾಪಕ' ಸರಳ ಯಂತ್ರ. ನೀನು ಯಾರು, ಏನಾಗಬೇಕು ಎಂಬಂಥ ಪ್ರಶ್ನೆಗಳು ಗೋಡೆಯ ಮೇಲೆ ಮೂಡುತ್ತವೆ. ಬಾಯಿಬಿಟ್ಟು ಉತ್ತರಿಸಬೇಕಿಲ್ಲ, ತೊಟ್ಟವರ ನಾಡಿ ಹಿಡಿದು ಕಡಗವೇ ಒಂದು ನಿಮಿಷದಲ್ಲಿ ಅವರ ಬಗೆ ಹೇಳುತ್ತದೆ. ಬಗೆಗಳು ಮೂರು: ತಾವು ಯಾರೆಂದು ತಾವೇ ಹುಡುಕಿಕೊಳ್ಳುವವರು, ಹಿರಿಯರು ಹೇಳಿದಂತೆ ನಡೆಯುವವರು, ಪ್ರಶ್ನೆಯನ್ನೇ ಮುಂದೂಡುವವರು. ಮೊದಲ ಎರಡು ಬಗೆಯವರು ಕಷ್ಟ ಬಂದರೆ ಎದುರಿಸುತ್ತಾರೆ, ಮೂರನೆಯವರು ಮುಖ ತಿರುಗಿಸುತ್ತಾರೆ ಎಂಬುದು ಡಾಕ್ಟರರ ಸಿದ್ಧಾಂತ. ಅಂಥವರನ್ನು ಕಡಲ ತಳಕ್ಕೆ ಇಳಿಸುವ ಧೈರ್ಯ ಯಾರಿಗಿದೆ? ಮನುಷ್ಯರನ್ನೆಲ್ಲ ಮೂರೇ ಡಬ್ಬಿಗಳಲ್ಲಿ ತುಂಬಿಡಬಹುದೆಂದು ನಂಬಲು ಬಹಳ ಓದಿರಬೇಕು. ಡಾಕ್ಟರರು ಓದಿದ್ದರು.

"ಮ್ಯಾಡಮ್, ಇದು ನಾನಲ್ರೀ. ಎಂಟನೇ ಇಯತ್ತೆಯಿಂದ ನನಗ ಸಮುದ್ರದ್ದೇ ಹುಚ್ಚು," ಎಂದಳು ಸುಕನ್ಯಾ, ಅಳು ತಡೆದುಕೊಂಡು.

"ಕಡಗ ಸುಳ್ಳು ಹೇಳೂದಿಲ್ಲವ್ವಾ," ಎನ್ನುತ್ತ ಡಾಕ್ಟರರು ನಾಡಿಯ ರೇಖೆಗಳನ್ನು ತೆರೆದು ನೋಡಿದರು. ಹುಬ್ಬು ಗಂಟಾಯಿತು. "ಇದು ಐವತ್ತರ ಆಸುಪಾಸಿನವರ ನಾಡಿ! ನಾ ಒಳಗ ಹೋದಾಗ ಇದನ್ನ ಯಾರು ಹಾಕ್ಕೊಂಡಿದ್ರು?"

ಮೂಲೆಯಲ್ಲಿ ಕುಳಿತಿದ್ದ ತಾಯಿ ಬಸಲಿಂಗವ್ವ ಎದ್ದು ನಿಂತಳು. "ನಾನೇ ರೀ. ಗಾಜು ಚುಚ್ಚತೈತೇನು ಅಂತ ನೋಡಿದೆ."

ಅವಳದು ಬಳೆ ತೊಡಿಸುವ ಕಸುಬು. ಪ್ರತಿ ಬಳೆಯ ಬೆಸುಗೆಯನ್ನೂ ತನ್ನ ಕೈಯಲ್ಲಿ ಪರೀಕ್ಷಿಸಿಯೇ ಗಿರಾಕಿಯ ಕೈಗೆ ಏರಿಸುವುದು ಮೂವತ್ತು ವರ್ಷದ ರೂಢಿ. ಹಾಗೆ ನೋಡುತ್ತಲೇ ಗೋಡೆಯ ಪ್ರಶ್ನೆಗಳನ್ನೂ ಓದಿದ್ದಳು. ಕಡಗ ಅವಳನ್ನೇ ಅಳೆದು ಮುಗಿಸಿತ್ತು; ತೀರ್ಪು ಮೂಡುವ ಮೊದಲೇ ಅವಳು ಕಳಚಿಟ್ಟಿದ್ದರಿಂದ, ಮಗಳ ಕೈಗೆ ಬಂದಾಗ ತಾಯಿಯ ತೀರ್ಪನ್ನೇ ಒಪ್ಪಿಸಿತ್ತು.

ಡಾಕ್ಟರರು ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ ಸುಕನ್ಯಾಳಿಗೆ ತೊಡಿಸಿದರು. ಈ ಸಲ 'ಹುಡುಕುವ ಬಗೆ' ಎಂದು ಬಂತು. ಮಗಳು ಖುಷಿಯಿಂದ ತಾಯಿಯನ್ನು ತಬ್ಬಿಕೊಂಡಳು. ತಾಯಿಯ ಕಣ್ಣು ಮಾತ್ರ ಮೊದಲ ತೀರ್ಪಿನೊಂದಿಗೆ ಯಂತ್ರ ಅಚ್ಚು ಹಾಕಿದ್ದ, ಮೇಜಿನ ಮೇಲಿನ ವರದಿಯತ್ತ ಇತ್ತು.

"ಅಂದ್ರ ಆ ಚೀಟಿ ನಂದೇನ್ರಿ? ಸಣ್ಣ ಅಕ್ಷರ ನನಗ ಕಾಣೂದಿಲ್ಲ, ಏನ್ ಬರದೈತಿ, ಓದ್ರಿ."

ಡಾಕ್ಟರರು ಅಳುಕುತ್ತಲೇ ಓದಿದರು: "ತಾವು ಏನಾಗಬೇಕು ಎಂಬ ಪ್ರಶ್ನೆಯನ್ನು ಇವರು ಬಹುಕಾಲದಿಂದ ಮುಂದೂಡುತ್ತ ಬಂದಿದ್ದಾರೆ."

"ನಾ ಎಲ್ಲಿ ಮುಂದ ಹಾಕೀನ್ರಿ?" ಬಸಲಿಂಗವ್ವ ನಕ್ಕಳು. "ನನ್ನ ಯಾರೂ ಕೇಳೇ ಇಲ್ಲ. ಇವತ್ತೇ ಮೊದಲು."

ಹನ್ನೊಂದು ವರ್ಷ ಈ ಯಂತ್ರಕ್ಕಾಗಿ ದುಡಿದಿದ್ದರೂ ಇಷ್ಟು ಸಣ್ಣ ಸಂಗತಿ ಡಾಕ್ಟರರಿಗೆ ಹೊಳೆದಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಸುಕನ್ಯಾ ತಾಯಿಯ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಅವ್ವಾ, ನಿನಗ ಏನಾಗಬೇಕಂತ ಇತ್ತು?"

ಬಸಲಿಂಗವ್ವ ಡಾಕ್ಟರರತ್ತ ತಿರುಗಿದಳು.

"ವಿಚಾರ ಮಾಡಬೇಕಾಗೈತ್ರಿ. ಎಷ್ಟು ದಿನ ಟೈಮ್ ಕೊಡ್ತೀರಿ?"