ಗೂಳಪ್ಪನ ಲೋಟಗಳು

"ಆ ಡ್ರಮ್ ಒಂದನ್ನ ಮುಟ್ಬೇಡಮ್ಮ," ಎಂದರು ವೆಂಕಟಲಕ್ಷ್ಮಮ್ಮ, ಶೆಡ್ಡಿನ ಬಾಗಿಲಲ್ಲೇ ನಿಂತು. ಶೆಡ್ಡು ಅವರದೇ. ಆದರೂ ಒಳಗೆ ಕಾಲಿಡಲಿಲ್ಲ. "ನಮ್ಮ ಮಾವ ಗೂಳಪ್ಪನೋರದು. ಇರೋ ಕಡೆ ಇರ್ಲಿ."

ರಾಗಿಣಿ ಆಗಲೇ ಮುಚ್ಚಳ ತೆಗೆದಿದ್ದಳು. ಒಳಗೆ ಬೂದಿ. ಬೂದಿಯೊಳಗೆ ಬೋರಲು ಹಾಕಿಟ್ಟ ಗಾಜಿನ ಲೋಟಗಳು, ಪದರದ ಮೇಲೆ ಪದರ. ದೃಷ್ಟಿಯಾಗದಿರಲೆಂದು ಅಂಗಡಿಯವರು ಗಲ್ಲಾದ ಪಕ್ಕ ನೀರು ತುಂಬಿ ನಿಂಬೆಹಣ್ಣು ಹಾಕಿಡುತ್ತಾರಲ್ಲ, ಅಂಥವೇ. ದಪ್ಪ ತಳ, ತುಸು ಹಸಿರು ಛಾಯೆ. ಎಲ್ಲವೂ ಒಂದೇ ತಯಾರಿಕೆಯವು.

"ಏನಿದೆ ಆಂಟಿ ಇದ್ರಲ್ಲಿ, ದೆವ್ವಾನಾ?"

"ನಗ್ಬೇಡ. ಮಾಟ ತಾಕಿದೋರು, ದೃಷ್ಟಿ ಆದೋರು ಎಲ್ಲೆಲ್ಲಿಂದಾನೋ ಬರೋರು. ಮಾವ ನಿಂಬೆಹಣ್ಣು ನಿವಾಳಿಸಿ ಇಳಿ ತೆಗೆದು ಲೋಟದೊಳಕ್ಕೆ ಉಸಿರು ಬಿಡ್ಸೋರು. ಬಿಟ್ಟ ತಕ್ಷಣ ಬೋರಲು ಹಾಕಿ ಬೂದಿ ಮುಚ್ಚೋರು. ಮೈ ಬಿಟ್ಟು ಬಂದಿದ್ದೆಲ್ಲ ಅದ್ರೊಳಗೇ ಐತೆ. ಒಡೀಬಾರ್ದು, ನೀರಿಗೂ ಬಿಡಬಾರ್ದು ಅಂತಿದ್ರು."

"ಕರಗಿಸಬಾರ್ದು ಅಂದಿದ್ರಾ?"

"ಗಾಜು ಕರಗ್ಸೋರು ನಮ್ಮನೇಗೆ ಬಾಡಿಗೆಗೆ ಬರ್ತಾರೆ ಅಂತ ಅವ್ರಿಗೇನು ಕನಸು ಬಿದ್ದಿತ್ತಾ?" ವೆಂಕಟಲಕ್ಷ್ಮಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡರು. "ಒಂದು ಮಾತ್ರ ಹೇಳಿದ್ರು. ಇದಕ್ಕೆ ಮನುಷ್ಯನ ರೂಪ ಸಿಗಬಾರ್ದು. ಇರೋಕೊಂದು ಮನೆ ಹುಡುಕ್ತಾ ಇರತ್ತಂತೆ."

"ಈ ಏರಿಯಾದಲ್ಲಿ ಮನೆ ಸಿಗೋದು ಅದಕ್ಕೂ ಕಷ್ಟಾನೇ ಬಿಡಿ!"

"ನಕ್ಕೋ ತಾಯಿ. ಹೇಳೋದು ಹೇಳ್ದೆ."

ಶ್ರೀಗಂಧದ ಕಾವಲಿನ ಆ ಶೆಡ್ಡು ಮೊದಲು ದನದ ಕೊಟ್ಟಿಗೆಯಾಗಿತ್ತು. ಆಮೇಲೆ ಊದುಬತ್ತಿ ಹೊಸೆಯುವ ಜಾಗವಾಯಿತು. ಈಗ ಅಲ್ಲಿ ರಾಗಿಣಿಯ ಕರೆಂಟ್ ಕುಲುಮೆ ಇತ್ತು. ಕಿಟಕಿಯಿಲ್ಲದ ಗೋಡೆಗಳು ಆ ಎರಡು ಹಳೆಯ ವಾಸನೆಗಳನ್ನೂ ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಮೂರು ವರ್ಷದಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ: ಗಂಡ ಅನಿಕೇತನ ಮುಖವನ್ನು ಗಾಜಿನಲ್ಲಿ ಎರಕ ಹೊಯ್ಯುವುದು. ಮುಖಕ್ಕೆ ರಬ್ಬರ್ ಬಳಿದು ತೆಗೆದ ಅಚ್ಚಿನಿಂದ ಮೇಣದ ಮುಖ ಮಾಡಬೇಕು. ಅದರ ಸುತ್ತ ಪ್ಲಾಸ್ಟರ್ ಕಟ್ಟಿ, ಆವಿಯಲ್ಲಿ ಮೇಣ ಕರಗಿಸಿ ತೆಗೆದು, ಉಳಿದ ಪೊಳ್ಳಿನಲ್ಲಿ ಗಾಜಿನ ಚೂರು ತುಂಬಿ ಕಾಯಿಸಬೇಕು. ಕಾಯಿಸುವುದು ಸುಲಭ, ಆರಿಸುವುದೇ ಕಷ್ಟ. ಬೇಗ ಆರಿದರೆ ಗಾಜು ಸೀಳುತ್ತದೆ. ಎರಡು ಬಗೆಯ ಗಾಜು ಬೆರೆತರೆ, ಎಷ್ಟೇ ನಿಧಾನವಾಗಿ ಆರಿಸಿದರೂ ಸೀಳುತ್ತದೆ, ಏಕೆಂದರೆ ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಗೋವಿಂದರಾಜನಗರದ ಗುಜರಿಯಿಂದ ತಂದ ಬಾಟಲಿಗಳು ಅವಳಿಗೆ ಈ ಪಾಠವನ್ನು ಮತ್ತೆ ಮತ್ತೆ ಕಲಿಸಿದ್ದವು. ಒಮ್ಮೆ ಹಣೆ ಹೋಯಿತು, ಒಮ್ಮೆ ಗಲ್ಲ. ಒಮ್ಮೆಯಂತೂ ಪೂರ್ತಿ ಮುಖ ಕೈಗೆ ಬಂದು, ಅವಳು ನೋಡುತ್ತಿದ್ದಂತೆಯೇ ಮೇಜಿನ ಮೇಲೆ ಎರಡು ಹೋಳಾಯಿತು. ಅವತ್ತು ಅವಳಿಗೆ ಅಳುವಷ್ಟೂ ತ್ರಾಣವಿರಲಿಲ್ಲ. ಚೂರು ಗುಡಿಸಿ ಮನೆಗೆ ಹೋಗಿ ಮಲಗಿದ್ದಳು.

ಈಗ ರಾಜಾಜಿನಗರದಲ್ಲಿ ಪ್ರದರ್ಶನ ಏರ್ಪಡಿಸುತ್ತಿದ್ದ ಮುರಳೀಕೃಷ್ಣ ಕೊನೆಯ ಗಡುವು ಕೊಟ್ಟಿದ್ದರು. ಈ ಬಾರಿಯೂ ಆಗದಿದ್ದರೆ ಕುಲುಮೆ ಮಾರಿಬಿಡುವುದೆಂದು ಅವಳು ನಿರ್ಧರಿಸಿದ್ದಳು. ಒಂದೇ ಬಗೆಯ ಗಾಜು, ಡ್ರಮ್ಮಿನ ತುಂಬ, ಕೈಯಳತೆಯಲ್ಲೇ ಇತ್ತು.

ಹಳೆಯ ರಬ್ಬರ್ ಅಚ್ಚು ಹರಿದಿದ್ದರಿಂದ ಅನಿಕೇತ್ ಹೊಸದಾಗಿ ಮುಖ ಕೊಡಲು ಕೂತ. ಅವನು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಮೇಷ್ಟರು.

"ಇದೇ ಕೊನೇದು ಕಣೇ. ಮಕ್ಕಳು ಆಗ್ಲೇ ನನ್ನ 'ಪ್ಲಾಸ್ಟರ್ ಸಾರ್' ಅಂತಾರೆ."

ಅಚ್ಚು ಬಿಡಿಸುವಾಗ ಎಡಹುಬ್ಬಿನ ನಾಲ್ಕೈದು ಕೂದಲು ಕಿತ್ತು ಬಂದವು. ಕೂದಲು ಮೇಣಕ್ಕೆ ದಾಟಿತು, ಮೇಣದಿಂದ ಪ್ಲಾಸ್ಟರಿಗೆ. ಬೆಂಕಿಯಲ್ಲಿ ಹೇಗೂ ಸುಟ್ಟುಹೋಗುತ್ತದೆ ಎಂದು ರಾಗಿಣಿ ಬಿಟ್ಟಳು. ಲೋಟಗಳನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದಳು. ಒಡೆದ ಸದ್ದು ಗಾಜಿನದಾಗಿರಲಿಲ್ಲ. ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರು ಬಿಟ್ಟಂತಿತ್ತು. ಬೂದಿ ಮೇಲೆದ್ದು ಬಾಯಿಗೆ ಹೋಯಿತು. ಉಪ್ಪುಪ್ಪು.

ಕುಲುಮೆ ಕಾಯುತ್ತಿದ್ದಂತೆ ಶೆಡ್ಡಿನಲ್ಲಿ ಸುಟ್ಟ ನಿಂಬೆಸಿಪ್ಪೆಯ ವಾಸನೆ ಹರಡಿತು. ಅದರ ಹಿಂದೆಯೇ ಕೂದಲು ಸುಟ್ಟ ಕಮಟು. ಗಾಜು ಕರಗಿ ಜೇನಿನಂತೆ ಅಚ್ಚಿಗೆ ಇಳಿಯತೊಡಗಿದ ಸಂಜೆಯೇ ಅನಿಕೇತನಿಗೆ ಜ್ವರ ಬಂತು. ಡೆಂಗ್ಯೂ ಇಲ್ಲ, ಟೈಫಾಯ್ಡ್ ಇಲ್ಲ. ರಕ್ತದ ರಿಪೋರ್ಟೆಲ್ಲ ನಾರ್ಮಲ್. ಜ್ವರ ಮಾತ್ರ ಇಳಿಯಲಿಲ್ಲ.

ಅನ್ನಪೂರ್ಣೇಶ್ವರಿ ನಗರದ ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ ರಾಗಿಣಿ ಸ್ಕೂಟರಿನಲ್ಲಿ ಓಡಾಡಿದಳು. ಇಲ್ಲಿ ಒದ್ದೆಬಟ್ಟೆ, ಅಲ್ಲಿ ಕುಲುಮೆಯ ಶಾಖ ತೋರಿಸುವ ಮೀಟರು. ನಿದ್ದೆಗೆಟ್ಟು ಬೆನ್ನು ಮರದ ಹಲಗೆಯಾಗಿತ್ತು. ಗಾಜು ಗಟ್ಟಿಯಾಗಿ ನಿಧಾನ ಆರುವ ಹಂತಕ್ಕೆ ಬಂದ ಮಧ್ಯಾಹ್ನ, ಮಾಡಬಾರದ ಕೆಲಸವೊಂದನ್ನು ಮಾಡಿದಳು. ಮೂರು ವರ್ಷದ ಆಸೆ ತಡೆಯದೆ ಕುಲುಮೆಯ ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿದಳು. ಒಳಕ್ಕೆ ತಣ್ಣನೆಯ ಗಾಳಿ ನುಗ್ಗಿತು.

ಟಿಕ್.

ಆ ಸದ್ದು ಅವಳಿಗೆ ಗೊತ್ತು. ಮುಚ್ಚಳ ಬಿಟ್ಟಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ರಾಗಿ..." ಅನಿಕೇತನ ದನಿ. "ಎಡಗಣ್ಣು ಕಾಣಿಸ್ತಾ ಇಲ್ಲ ಕಣೇ. ಏನೋ ಸೀಳಿದ ಹಾಗಾಯ್ತು. ಟಿಕ್ ಅಂತು."

ಅವಳು ಬಾಗಿಲಾಚೆ ಬಂದಾಗ ವೆಂಕಟಲಕ್ಷ್ಮಮ್ಮ ಅಂಗಳದಲ್ಲಿ ನಿಂತಿದ್ದರು. ಗಾಳಿಯಲ್ಲಿನ ನಿಂಬೆ ವಾಸನೆ ಅವರಿಗೆ ಆಗಲೇ ಎಲ್ಲವನ್ನೂ ಹೇಳಿತ್ತು.

"ಮನುಷ್ಯನ ರೂಪ ಮಾಡಿದ್ಯಾ?"

"ಮುಖ."

"ಯಾರ್ದು?"

ರಾಗಿಣಿ ಫೋನಿನ ಮೇಲಿದ್ದ ಅನಿಕೇತನ ಹೆಸರು ತೋರಿಸಿದಳು. ಆಮೇಲೆ ಕೇಳಿದಳು: "ಒಡೆದು ಹಾಕ್ಲಾ ಆಂಟಿ?"

"ಒಡೀತೀಯಾ? ಯಾರನ್ನ?"

ಒಳಗೆ ಕುಲುಮೆ ಗುಂಯ್ ಎನ್ನುತ್ತಿತ್ತು.

"ಮತ್ತೆ ನಾನೇನು ಮಾಡ್ಲಿ?"

"ನಂಗೇನು ಗೊತ್ತು ತಾಯಿ. ಗೊತ್ತಿದ್ದೋರು ಹೋಗ್ಬಿಟ್ರು. ನಿಂಗೇನು ಬರತ್ತೋ ಅದು ಮಾಡು."

ಅವಳಿಗೆ ಬರುತ್ತಿದ್ದುದು ಒಂದೇ. ನಿಧಾನವಾಗಿ ಆರಿಸುವುದು. ಕುರ್ಚಿ ಎಳೆದುಕೊಂಡು ಮೀಟರಿನ ಮುಂದೆ ಕೂತಳು. ಮನೆಗೆ ತನ್ನ ತಾಯಿಯನ್ನು ಕರೆಸಿ, ಅನಿಕೇತನನ್ನು ಅವರ ಕೈಗೊಪ್ಪಿಸಿದಳು. ಗಾಜಿಗೆ ಬೇಕಾದುದಕ್ಕಿಂತ ನಿಧಾನವಾಗಿ, ಪುಸ್ತಕಗಳು ಹೇಳುವುದಕ್ಕಿಂತ ನಿಧಾನವಾಗಿ ಶಾಖ ಇಳಿಸಿದಳು. ಶಾಖ ಇಳಿದಂತೆ ಜ್ವರವೂ ಇಳಿಯಿತು. ತಾಯಿ ದಿನವೂ ಫೋನಿನಲ್ಲಿ ಹೇಳುತ್ತಿದ್ದ ಅಂಕಿಯನ್ನು ಅವಳು ಮೊದಲೇ ಊಹಿಸಿರುತ್ತಿದ್ದಳು. ಕೊನೆಗೊಂದು ಸಂಜೆ ಕುಲುಮೆ ಉಗುರುಬೆಚ್ಚಗಾಯಿತು. ಅನಿಕೇತ್ ಬೆವರಿ, ಎದ್ದು ಕೂತು, ಸಾರನ್ನ ಕೇಳಿದನಂತೆ.

ರಾಗಿಣಿ ಸ್ವಿಚ್ ಆಫ್ ಮಾಡಿದಳು.

ಪ್ಲಾಸ್ಟರ್ ಕೆರೆದಾಗ ಗಾಜಿನೊಳಗಿಂದ ಅನಿಕೇತ್ ನೋಡಿದ. ತುಟಿಯ ಸುಕ್ಕು, ಮೂಗಿನ ಪಕ್ಕದ ಗಾಯದ ಕಲೆ, ಎಲ್ಲವೂ ಇದ್ದವು. ಎಡಹುಬ್ಬಿನಿಂದ ಕಣ್ಣಿಗೆ ಇಳಿದ ಕೂದಲೆಳೆಯಷ್ಟು ಬಿರುಕೊಂದನ್ನು ಬಿಟ್ಟರೆ ಮುಖ ಇಡಿಯಾಗಿತ್ತು. ಮೂರು ವರ್ಷದಲ್ಲಿ ಮೊದಲ ಬಾರಿಗೆ, ಇಡಿಯಾಗಿ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಗಾಜಿನ ಆಳದಲ್ಲಿ ಗುಳ್ಳೆಗಳಿದ್ದವು. ಎರಕದಲ್ಲಿ ಗುಳ್ಳೆ ಇರುವುದೇ. ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಗಟ್ಟಿ ಗಾಜಿನೊಳಗೆ ಅವು ಬಿರುಕಿನ ಕಡೆಗೆ ತುಸು ಸರಿದಿದ್ದವು.

ಹೊರಗೆ ಕತ್ತಲಾಗುತ್ತಿತ್ತು. ಮೇಜಿನ ಮೇಲಿನ ಮುಖ ತಣ್ಣಗಾಗುತ್ತಿತ್ತು. ಫೋನು ಬಂತು.

"ಚಳಿ ಕಣೇ," ಎಂದ ಅನಿಕೇತ್. "ಫ್ಯಾನ್ ಆಫ್ ಮಾಡಿದೀನಿ. ಎರಡು ರಗ್ಗು ಹೊದ್ದಿದೀನಿ. ಆದ್ರೂ..." ಮಾತು ಎಳೆಯತೊಡಗಿತು. ಹಿಂದಿನಿಂದ ತಾಯಿಯ ಕೂಗು: "ಉಗುರೆಲ್ಲ ನೀಲಿ ಆಗ್ತಿದೆ ಕಣೇ!"

ಅವಳಿಗೆ ಅರ್ಥವಾಯಿತು. ಗಾಜು ಆರಿದಂತೆ ಅವನೂ ಆರುತ್ತಿದ್ದ; ಕೋಣೆಯ ಗಾಳಿಯಷ್ಟು ತಣ್ಣಗಾಗುವ ಮೈ ಹೆಣದ್ದೊಂದೇ.

ಗಾಜನ್ನು ಎತ್ತಿಕೊಂಡಳು. ಕುಲುಮೆಗಿಟ್ಟಳು. ಸ್ವಿಚ್ ಒತ್ತಿದಳು. ಮೀಟರು ಮಿನುಗಿತು. ಮಿನುಗಿ ಸತ್ತಿತು. ಬಲ್ಬು ಸತ್ತಿತು. ಇಡೀ ಬೀದಿ ಸತ್ತಿತು. ಕರೆಂಟ್ ಹೋಗಿತ್ತು.

"ಆಂಟಿ!"

ಕತ್ತಲು. ನಿಂಬೆಯ ವಾಸನೆ. ಕೈಗೆ ಸಿಕ್ಕ ಮುಖ. ತಣ್ಣಗೆ, ಇನ್ನೂ ತಣ್ಣಗೆ. ಅದನ್ನು ಕುರ್ತಾದೊಳಗೆ ಸೇರಿಸಿ ಹೊಟ್ಟೆಗೆ ಒತ್ತಿಕೊಂಡಳು. ದುಪಟ್ಟಾ ಬಿಗಿದಳು. ಮೊಣಕಾಲು ಮಡಚಿ ಕೂತಳು. ಗಾಜು ಅವಳ ಶಾಖ ಕುಡಿಯಿತು. ಕುಡಿಯುತ್ತಲೇ ಹೋಯಿತು. ಬಿರುಕಿನಿಂದ ಏನೋ ಅವಳ ಚರ್ಮಕ್ಕೆ ತಾಕಿತು. ಉಸಿರು. ಒಬ್ಬರದಲ್ಲ. ಮುದುಕಿಯದು, ಮಗುವಿನದು, ಕೆಮ್ಮುವವನದು. ಒಂದಾದ ಮೇಲೊಂದು. ಅವಳು ಬಿಡಲಿಲ್ಲ. ಹಲ್ಲು ಕಡಕಡ ಎಂದವು. ಬಿಡಲಿಲ್ಲ.

ವೆಂಕಟಲಕ್ಷ್ಮಮ್ಮನ ಮಗ ಮುನಿರಾಜು ಶಾಮಿಯಾನ ಅಂಗಡಿಯಿಂದ ಜನರೇಟರ್ ತಂದು ತಂತಿ ಎಳೆಯುವ ಹೊತ್ತಿಗೆ ಅವಳ ತುಟಿ ಬಿಳಿಚಿತ್ತು. ಮನೆಯಲ್ಲಿ ಅನಿಕೇತ್ ಕಣ್ಣು ಬಿಟ್ಟಿದ್ದ. ಒಂದು ಕಣ್ಣು.

ಈಗ ಅವನು ಮತ್ತೆ ಸ್ಕೂಲಿಗೆ ಹೋಗುತ್ತಾನೆ. ಎಡಗಣ್ಣಿನದು ನರದ ತೊಂದರೆ ಎಂದಿದ್ದಾರೆ ಡಾಕ್ಟರು. ಕುಲುಮೆ ಹಗಲೂ ಇರುಳೂ ಮೈಶಾಖದಲ್ಲಿ ಉರಿಯುತ್ತದೆ. ಜನರೇಟರ್ ಅಂಗಳದಲ್ಲೇ ಇದೆ. ಅದು ಹೊತ್ತಿಕೊಳ್ಳುವವರೆಗಿನ ಕತ್ತಲಲ್ಲಿ ರಾಗಿಣಿ ಮುಚ್ಚಳ ತೆಗೆದು ಮುಖವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಅವಳ ಹೊಟ್ಟೆಯ ಮೇಲೆ ಅಂಗೈಯಗಲದ ಜಾಗವೊಂದು ಯಾವ ಬಿಸಿಲಿಗೂ ಬೆಚ್ಚಗಾಗುವುದಿಲ್ಲ. ಗುಳ್ಳೆಗಳು ಕಡಿಮೆಯಾಗುತ್ತಿವೆ. ಎಲ್ಲಿಗೆ ಹೋಗುತ್ತಿವೆಯೆಂದು ಅವಳು ಯಾರಿಗೂ ಹೇಳಿಲ್ಲ.

ಮೊನ್ನೆ ಮುರಳೀಕೃಷ್ಣ ಫೋನ್ ಮಾಡಿದ್ದರು. ಪ್ರದರ್ಶನ ಮುಗಿದಿದೆ, ಪರವಾಗಿಲ್ಲ, ಮುಂದಿನ ವರ್ಷಕ್ಕಾದರೂ ಕೊಡುತ್ತೀರಾ ಎಂದು ಕೇಳಿದರು.

"ಒಡೀಲಿಲ್ಲ ತಾನೇ ಈ ಸಲ?"

"ಇಲ್ಲ ಸಾರ್," ಎಂದಳು ರಾಗಿಣಿ, ಮೀಟರಿನಿಂದ ಕಣ್ಣು ತೆಗೆಯದೆ. "ಇನ್ನೂ ಆರ್ತಾ ಇದೆ."