ಕಳುವಾದ ಮೇಲೂ ದುಡಿದ ಮೆಷಿನ್‌ಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರುದಾರರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಒದ್ದೆ ಛತ್ರಿ ಹಿಡಿದು ನಿಂತೇ ದೂರು ಕೊಟ್ಟರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬಡಾವಣೆಗೆಲ್ಲ ಅವರು ಟೀಸಿ ಎಂದೇ ಪರಿಚಯ. ಜೀವಮಾನವಿಡೀ ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದವರೆಂದೇ ನೋಡಿದ ಕಣ್ಣು, ಮನೆ ಸೇರಿದ ಮೇಲೂ ಅದೇ ಕೆಲಸ ಮುಂದುವರಿಸಿತ್ತು.

ಹಿಂದಿನ ದಿನ ಭಾನುವಾರ ಮನೆಮಂದಿಯೆಲ್ಲ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಹಿಂದಿನ ಕೋಣೆಯಲ್ಲಿದ್ದ ನಾಲ್ಕು ಮೈನಿಂಗ್ ಮೆಷಿನ್ ಮಾಯ. ಹೆಡ್ ಕಾನ್‌ಸ್ಟೇಬಲ್, ಹಿತ್ತಲಲ್ಲಿ ಏನು ಅಗೆಯುತ್ತಿದ್ದಿರಿ ಎಂದು ಕೇಳಿ ಒಂದು ಕೆಂಗಣ್ಣು ಸಂಪಾದಿಸಿದ. ಟೀಸಿ ಬಿಡಿಸಿ ಹೇಳಿದರು: ಅವು ಒಂದು ಜಾತಿಯ ಕಂಪ್ಯೂಟರ್ ಡಬ್ಬಿಗಳು. ಕರೆಂಟು, ಇಂಟರ್ನೆಟ್ಟು ಎರಡನ್ನೂ ಕೊಟ್ಟರೆ ಹಗಲೂ ರಾತ್ರಿ ಲೆಕ್ಕ ಮಾಡುತ್ತಾ ಬಿಟ್‌ಕಾಯಿನ್ನಿನ ಚೂರುಪಾರು ಸಂಪಾದಿಸುತ್ತವೆ. ನಿವೃತ್ತಿಯ ದುಡ್ಡಿನ ದೊಡ್ಡ ಪಾಲನ್ನು ಅವಕ್ಕೇ ಹಾಕಿದ್ದರು. ಕೂತಲ್ಲೇ ಆದಾಯ ಬರುತ್ತದೆ ಎಂಬ ಲೆಕ್ಕ ಅವರದು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಅಳಿಯನ ಮೇಲೆ."

"ಯಾಕೆ?"

"ಬೀಗ ಒಡೆದಿಲ್ಲ. ಹಿಂಬಾಗಿಲ ಕೀಲಿ ಎಲ್ಲಿಡ್ತೀವಿ ಅಂತ ಅವನಿಗೆ ಗೊತ್ತು. ನಿಶ್ಚಿತಾರ್ಥಕ್ಕೂ ಬರಲಿಲ್ಲ, ಅಂಗಡಿಲಿ ಕೆಲಸ ಇದೆ ಅಂದ. ಮೆಷಿನ್ ತಂದು ಜೋಡಿಸಿದ್ದೂ ಅವನೇ."

ಅಳಿಯ ಮೊಬೈಲ್ ರಿಪೇರಿ ಅಂಗಡಿಯವನು. ಮಗಳು ತಾನೇ ಮೆಚ್ಚಿ ಮದುವೆಯಾದ ಹುಡುಗ. ಹೆರಿಗೆ ಹತ್ತಿರ ಬಂತೆಂದು ಮಗಳು ತವರಿಗೆ ಬಂದಿದ್ದಳು, ಅವನು ದಿನಾ ಸಂಜೆ ಬಂದು ನೋಡಿಕೊಂಡು ಹೋಗುತ್ತಿದ್ದ. ಅನುಮಾನಿತನ ಹೆಸರು ಬರೆಯುವ ಮುಂಚೆ ಇನ್ನೊಂದು ಸಲ ಯೋಚನೆ ಮಾಡಿ ಎಂದು ಮೇಡಂ ಹೇಳಿದರು. ಟೀಸಿ ಯೋಚಿಸಲಿಲ್ಲ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ಹೋದರು. ಹಿಂದಿನ ಕೋಣೆಯಲ್ಲಿ ಖಾಲಿ ಕಬ್ಬಿಣದ ಸ್ಟ್ಯಾಂಡು, ದಪ್ಪನೆಯ ಕರೆಂಟ್ ತಂತಿ, ಗೋಡೆಯಲ್ಲಿ ಹಿತ್ತಲಿನ ಕಡೆಗೆ ಕೊರೆದ ದೊಡ್ಡ ತೂತು. ಮೆಷಿನ್‌ಗಳ ಬಿಸಿಗಾಳಿ ಹೊರಗೆ ಹೋಗಲು ಮಾಡಿದ್ದಂತೆ. ಇಂಟರ್ನೆಟ್ ತಂತಿಗಳನ್ನೂ ಕಳ್ಳ ಬಿಡದೆ ಬಿಚ್ಚಿಕೊಂಡು ಹೋಗಿದ್ದ. ಅದೇ ಕೋಣೆಯ ಬೀರುವಿನಲ್ಲಿದ್ದ ಬೆಳ್ಳಿ ಸಾಮಾನು ಮುಟ್ಟಿರಲಿಲ್ಲ. ಕೀಲಿಯ ಜಾಗ ಮನೆಯವರನ್ನು ಬಿಟ್ಟು ಬೇರೆ ಯಾರಿಗೆ ಗೊತ್ತು ಎಂದು ಕೇಳಿದಾಗ ಟೀಸಿ ಯಾರಿಗೂ ಇಲ್ಲ ಎಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು, ಮಾತಾಡಲಿಲ್ಲ. ಆ ಮನೆಯಲ್ಲಿ ಗಂಡ ಉತ್ತರ ಕೊಟ್ಟ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡುವ ರೂಢಿ ಇರಲಿಲ್ಲ.

ಮಗಳು ಬಾಗಿಲ ಹತ್ತಿರ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹೊರಡುವಾಗ ಮೇಡಂ ಹಿಂದೆಯೇ ಗೇಟಿನ ತನಕ ಬಂದಳು.

"ಅವರನ್ನ ಅರೆಸ್ಟ್ ಮಾಡ್ತೀರಾ?"

"ಇನ್ನೂ ವಿಚಾರಣೆ ಆಗ್ಬೇಕಮ್ಮ."

"ಮಾಡಿದ್ರೆ ನಾನು ಅವತ್ತೇ ಅತ್ತೆ ಮನೆಗೆ ಹೋಗ್ಬಿಡ್ತೀನಿ. ಹುಟ್ಟೋ ಮಗುನ ನಮ್ಮಪ್ಪನ ಕಣ್ಣಿಗೂ ತೋರ್ಸಲ್ಲ. ಅವರಿಗೂ ಹೇಳಿದೀನಿ, ನಿಮಗೂ ಹೇಳ್ತಿದೀನಿ."

ಹುಡುಗಿ ಅಳುತ್ತಾ ಹೇಳಿದ್ದರೆ ಮೇಡಂಗೆ ಇಷ್ಟು ಕಷ್ಟ ಅನಿಸುತ್ತಿರಲಿಲ್ಲ. ತಣ್ಣಗೆ ಹೇಳಿದಳು, ಹೇಳಿದಂತೆ ಮಾಡುವವಳೇ ಎಂದು ನೋಡಿದರೆ ಗೊತ್ತಾಗುತ್ತಿತ್ತು.

ಮಂಗಳವಾರ ಟೀಸಿಯವರನ್ನು ಮತ್ತೆ ಕರೆಸಿ, ಮೆಷಿನ್ ಅವರದೇ ಎನ್ನುವುದಕ್ಕೆ ಆಧಾರ ಕೇಳಿದರು. ಅವರು ರಸೀದಿ ಕೊಟ್ಟರು. ಆದಾಯ ಬೀಳುವ ಖಾತೆಯನ್ನೂ ತೋರಿಸಿ ಎಂದಾಗ ಫೋನ್ ತೆಗೆದರು. ಕಳ್ಳತನವಾದಾಗಿನಿಂದ ಅದನ್ನು ತೆರೆದು ನೋಡಲು ಮನಸ್ಸೇ ಬಂದಿರಲಿಲ್ಲವಂತೆ. ಹೆಡ್ ಕಾನ್‌ಸ್ಟೇಬಲ್ ಕನ್ನಡಕ ಮೇಲೇರಿಸಿ ಫೋನಿನೊಳಕ್ಕೆ ಇಣುಕಿದ.

"ಇದೇನ್ ಸಾರ್, ಇವತ್ತು ಬೆಳಿಗ್ಗೇನೂ ಬಿದ್ದಿದೆ?"

ಬಿದ್ದಿತ್ತು. ಸೋಮವಾರವೂ ಬಿದ್ದಿತ್ತು. ಎಂದಿನಷ್ಟಿಲ್ಲ, ಅರ್ಧಕ್ಕೂ ಕಡಿಮೆ. ಆದರೆ ಕಳುವಾದ ಮೆಷಿನ್‌ಗಳು ಎಲ್ಲೋ ಕೂತು ಟೀಸಿಯವರಿಗೇ ದುಡಿದು ಹಾಕುತ್ತಿದ್ದವು. ಟೀಸಿ ಬಾಯಿ ಬಿಟ್ಟುಕೊಂಡು ನೋಡಿದರು. ಅವರನ್ನು ಆಚೆ ಕಳಿಸಿದ ಮೇಲೆ ಹೆಡ್ ಕಾನ್‌ಸ್ಟೇಬಲ್ ತನ್ನ ತೀರ್ಮಾನ ಒಪ್ಪಿಸಿದ: ಮುದುಕನೇ ಎಲ್ಲೋ ಬಚ್ಚಿಟ್ಟು ಅಳಿಯನ ತಲೆಗೆ ಕಟ್ಟುತ್ತಿದ್ದಾನೆ. ಮೇಡಂಗೆ ಅದು ಒಪ್ಪಿಗೆಯಾಗಲಿಲ್ಲ. ನಾಟಕ ಆಡುವವನು ಆ ಫೋನನ್ನು ಕೇಳಿದ ಕೂಡಲೇ ಕೈಗೆ ಕೊಡುವುದಿಲ್ಲ.

ಅಷ್ಟರಲ್ಲಿ ಮೇಲಿನ ಸಾಹೇಬರ ಫೋನು ಬಂತು. ಟೀಸಿಗೆ ಅವರ ಕಚೇರಿಯಲ್ಲಿ ಯಾರೋ ಹಳೇ ಪರಿಚಯ. ಹೆಸರು ಕೊಟ್ಟ ಮೇಲೂ ಅಳಿಯ ಯಾಕೆ ಹೊರಗಿದ್ದಾನೆ, ನಾಳೆಯೊಳಗೆ ಒಳಗೆ ಹಾಕಿ, ಬಾಯಿ ಬಿಡುತ್ತಾನೆ ಎಂದರು. ಮೇಡಂ ಆಗಲಿ ಸರ್ ಎಂದು ಫೋನ್ ಇಟ್ಟು, ಆಮೇಲೆ ಒಂದು ಮಾತು ಬೈದುಕೊಂಡರು.

ಅಳಿಯನನ್ನು ಕರೆಸಿದರು. ಎರಡು ರಾತ್ರಿ ನಿದ್ದೆಗೆಟ್ಟ ಮುಖ. ಬೆಂಚಿನ ತುದಿಯಲ್ಲಿ ಕೂತ.

"ಭಾನುವಾರ ಎಲ್ಲಿದ್ದೆ?"

"ಅಂಗಡಿಲಿ."

"ನೋಡಿದವರು?"

"ಯಾರೂ ಇಲ್ಲ. ರಜಾ ದಿನ, ಬಾಗಿಲು ಹಾಕ್ಕೊಂಡು ರಿಪೇರಿ ಮಾಡ್ತಿದ್ದೆ."

"ಮಾವನ ಮೆಷಿನ್ ಎಲ್ಲಿಟ್ಟಿದೀಯ?"

ಮೇಡಂ ಟೀಸಿಯವರ ಫೋನನ್ನು ಅವನ ಮುಂದಿಟ್ಟರು. ಅವನು ನೋಡಿದ, ಎರಡನೇ ಸಲ ನೋಡಿದ, ಆಮೇಲೆ ಒಣಗಿದ ತುಟಿಯಲ್ಲೇ ನಕ್ಕುಬಿಟ್ಟ.

"ಮೇಡಂ, ದುಡ್ಡು ಯಾವ ಖಾತೆಗೆ ಹೋಗ್ಬೇಕು ಅನ್ನೋದು ಮೆಷಿನ್ ಒಳಗೇ ಬರೆದಿರುತ್ತೆ. ನಾನೇ ಕದ್ದಿದ್ರೆ ಮೊದ್ಲು ಅದನ್ನ ತಿರುಗಿಸ್ತಿದ್ದೆ. ಎರಡು ನಿಮಿಷದ ಕೆಲಸ. ಕದ್ದವನಿಗೆ ಇದು ಏನು ಮಾಡೋ ಮೆಷಿನ್ ಅಂತಲೇ ಗೊತ್ತಿಲ್ಲ."

ಗೊತ್ತಿಲ್ಲದವನು ಅದನ್ನು ಯಾಕೆ ಚಾಲು ಮಾಡುತ್ತಾನೆ ಎಂದು ಮೇಡಂ ಕೇಳಿದರು. ಇಂಟರ್ನೆಟ್ ತಂತಿ ಸಿಕ್ಕಿಸುವಷ್ಟು ಗೊತ್ತಿದೆಯಲ್ಲ? ಅಳಿಯನಿಗೂ ಅದೇ ಬಗೆಹರಿಯಲಿಲ್ಲ. ಅವನು ಫೋನಿನಲ್ಲಿ ಇನ್ನೊಂದು ಪುಟ ತೆರೆದ. ಮೆಷಿನ್‌ಗಳು ಯಾವ ಹೊತ್ತಿನಲ್ಲಿ ಓಡುತ್ತಿದ್ದವು, ಯಾವಾಗ ನಿಂತವು ಎಂಬುದು ಅಲ್ಲಿ ಗೆರೆಗಳಲ್ಲಿ ಕಾಣುತ್ತಿತ್ತು. ಬೆಳಿಗ್ಗೆ ಶುರು. ಸ್ವಲ್ಪ ಹೊತ್ತು ಓಟ, ಆಮೇಲೆ ನಿಲುಗಡೆ, ಮತ್ತೆ ಓಟ, ಮತ್ತೆ ನಿಲುಗಡೆ. ಸಂಜೆಯ ಮೇಲೆ ಏನೂ ಇಲ್ಲ.

"ಈ ದಂಧೆಯವರು ಯಾರೂ ಹೀಗೆ ನಿಲ್ಲಿಸಲ್ಲ ಮೇಡಂ. ನಿಂತಷ್ಟು ಹೊತ್ತೂ ನಷ್ಟ. ಒಲೆ ಹಚ್ಚಿ ಆರಿಸಿದ ಹಾಗೆ ಯಾರು ಮಾಡ್ತಾರೆ?"

ಇವನ ಮೇಲಿನ ಅನುಮಾನ ಮೇಡಂಗೆ ಅಲ್ಲೇ ಮುಕ್ಕಾಲು ಪಾಲು ಹೋಯಿತು. ಆದರೆ ಮೇಲಿನ ಸಾಹೇಬರಿಗೆ ಗೆರೆ ತೋರಿಸಿದರೆ ಆಗುವುದಿಲ್ಲ, ಮೆಷಿನ್ ತೋರಿಸಬೇಕು. ಊರು ಬಿಟ್ಟು ಹೋಗಬೇಡ ಎಂದು ಹೇಳಿ ಅವನನ್ನು ಕಳಿಸಿದರು.

ಒಲೆ ಎಂಬ ಮಾತು ಅವರ ತಲೆಯಿಂದ ಹೋಗಲಿಲ್ಲ. ಮಳೆ ಹಿಡಿದು ಮೂರು ವಾರವಾಗಿತ್ತು. ಠಾಣೆಯ ಹಿಂದೆ ಹಗ್ಗದ ಮೇಲೆ ಕಾನ್‌ಸ್ಟೇಬಲ್‌ಗಳ ಯೂನಿಫಾರ್ಮು ಒಣಗದೆ ಮುಗ್ಗಲು ನಾತ ಹೊಡೆಯುತ್ತಿತ್ತು. ಮೇಡಂ ಸ್ವತಃ ಹಸಿ ಕಾಲರ್ ಹಾಕಿಕೊಂಡು ಕೂತಿದ್ದರು. ಬಿಸಿಗಾಳಿ ಇದ್ದಿದ್ದರೆ ಎಂದು ಅಂದುಕೊಂಡರು. ಅಂದುಕೊಂಡವರೇ ಎದ್ದು ನಿಂತು ಜೀಪಿನ ಕೀಲಿ ಕೇಳಿದರು.

ಟೀಸಿ ಇನ್ನೂ ಠಾಣೆಯಲ್ಲೇ ಇದ್ದರು, ಅದು ಒಳ್ಳೆಯದೇ ಆಯಿತು. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಮಾತಿಗೆ ಸಿಕ್ಕರು. ಗೋಡೆಯ ತೂತಿನಿಂದ ಬರುತ್ತಿದ್ದ ಬಿಸಿಗಾಳಿಯನ್ನು ಯಾರಾದರೂ ಬಳಸುತ್ತಿದ್ದರಾ ಎಂದು ಮೇಡಂ ಕೇಳಿದರು. ಆಕೆ ಹಿತ್ತಲಿನ ಕಡೆಗೊಮ್ಮೆ, ಗೇಟಿನ ಕಡೆಗೊಮ್ಮೆ ನೋಡಿದರು.

"ಲಾಂಡ್ರಿಯವನು. ಮಳೆ ಶುರುವಾದಾಗ ಅವನ ಒಣಗಿಸೋ ಮೆಷಿನ್ ಸುಟ್ಟುಹೋಯ್ತು. ಆಸ್ಪತ್ರೆ ಬೆಡ್‌ಶೀಟು ಒಣಗ್ತಿಲ್ಲ ಅಂತ ಅಂಗಲಾಚಿದ. ಆ ತೂತಿನ ಮುಂದೆ ಹಗ್ಗ ಕಟ್ಕೋ ಅಂತ ನಾನೇ ಅಂದೆ. ಆಮೇಲೆ ಇವರು ನೋಡಿ ಬೈದು ಕಳಿಸಿದ್ರು."

"ಕೀಲಿ ಇಡೋ ಜಾಗ ಅವನಿಗೆ ಗೊತ್ತಾ?"

"ಗೊತ್ತು. ನಾವಿಲ್ಲದಾಗ ಇಸ್ತ್ರಿ ಬಟ್ಟೆ ಒಳಗಿಟ್ಟು ಹೋಗ್ತಾನೆ." ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಅವನು ಲೆಕ್ಕಕ್ಕೇ ಬರ್ಲಿಲ್ವಲ್ಲಮ್ಮ. ಎಷ್ಟು ವರ್ಷದಿಂದ ಬಂದು ಹೋಗೋ ಜೀವ."

ಬುಧವಾರ ಬೆಳಿಗ್ಗೆ ಮೇಡಂ ಟೀಸಿಯಿಂದ ಇಸಿದುಕೊಂಡಿದ್ದ ಫೋನಿನಲ್ಲಿ ಆ ಗೆರೆಗಳ ಪುಟ ತೆರೆದುಕೊಂಡೇ ಜೀಪಿನಲ್ಲಿ ಕೂತಿದ್ದರು. ಹೊಸ ಗೆರೆ ಮೇಲೇಳಲು ಶುರುವಾದ ಕೂಡಲೇ ಇಬ್ಬರು ಪಂಚರು, ಹೆಡ್ ಕಾನ್‌ಸ್ಟೇಬಲ್, ಮೆಷಿನ್ ಗುರುತಿಸಲು ಅಳಿಯ, ಎಲ್ಲರನ್ನೂ ಕರೆದುಕೊಂಡು ಲಾಂಡ್ರಿಯ ಮುಂದೆ ಇಳಿದರು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವ ಇಬ್ಬರು ಹೆಂಗಸರು. ಹಿಂದಿನ ಬಾಗಿಲು ತೆಗೆದರೆ ಹತ್ತು ಫ್ಯಾನು ಒಟ್ಟಿಗೆ ಅರಚುವಂಥ ಸದ್ದು, ಮುಖಕ್ಕೆ ರಾಚುವ ಸೆಕೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳಲ್ಲಿ ಬಿಳಿ ಬೆಡ್‌ಶೀಟುಗಳು ಹಾರಾಡುತ್ತಿದ್ದವು. ಕೆಳಗೆ ಮಣೆಗಳ ಮೇಲೆ ಸಾಲಾಗಿ ನಾಲ್ಕು ಮೆಷಿನ್. ಅಂಗಡಿಯ ಕ್ಯಾಮೆರಾಕ್ಕೆ ಹಾಕಿಸಿದ್ದ ಇಂಟರ್ನೆಟ್ಟಿನಿಂದ ಅವಕ್ಕೂ ಒಂದೊಂದು ತಂತಿ.

ಅಳಿಯ ಬಗ್ಗಿ ಒಂದೊಂದರ ಸಂಖ್ಯೆಯನ್ನೂ ರಸೀದಿಯೊಂದಿಗೆ ಹೋಲಿಸಿದ. ಕೊನೆಯದೂ ಸರಿಹೋದಾಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹೆಡ್ ಕಾನ್‌ಸ್ಟೇಬಲ್ ಅವನ ಭುಜ ತಟ್ಟಿ, ಏಳಪ್ಪ, ಇನ್ನು ನೀನು ಆರಾಮಾಗಿ ಉಸಿರಾಡು ಎಂದ. ಇವತ್ತು ಒಬ್ಬ ನಿರಪರಾಧಿಯ ಕೈಹಿಡಿದು ಲಾಕಪ್ಪಿಗೆ ದಬ್ಬುವ ಕೆಲಸ ತಪ್ಪಿತಲ್ಲ ಎಂಬ ಸಮಾಧಾನ ಮೇಡಂ ಮುಖದ ಮೇಲೇ ಇತ್ತು.

ಲಾಂಡ್ರಿಯವನು ಓಡಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕೈ ಒರೆಸಿಕೊಂಡು ಬಂದು ನಿಂತ.

"ಇಂಟರ್ನೆಟ್ ಯಾಕೆ ಹಾಕಿದೆ?"

"ಹಾಕದಿದ್ರೆ ಬಿಸೀನೇ ಬರಲ್ಲ ಮೇಡಂ. ಮೊದ್ಲು ಬರೀ ಕರೆಂಟ್ ಕೊಟ್ಟೆ, ತಣ್ಣನೆ ಗಾಳಿ ಬಂತು. ಅವರ ಮನೇಲಿ ಇದ್ದ ಹಾಗೇ ಆ ತಂತೀನೂ ಸಿಕ್ಕಿಸಿದೆ, ಆಗ ಕಾಯ್ತು."

"ಅದು ದುಡ್ಡು ದುಡಿಯೋ ಮೆಷಿನ್ ಅಂತ ಗೊತ್ತಿಲ್ವಾ?"

"ಅಮ್ಮಾವ್ರು ಹೀಟರ್ ಥರದ್ದು ಏನೋ ಅಂದಿದ್ರು." ಅವನು ಹಗ್ಗದ ಕಡೆ ನೋಡಿದ. "ಮೇಡಂ, ಈ ಒಂದು ಒಬ್ಬೆ ಬಟ್ಟೆ ಒಣಗೋ ತನಕ ಬಿಡ್ತೀರಾ? ಹನ್ನೆರಡಕ್ಕೆ ಆಸ್ಪತ್ರೆಗೆ ಕೊಡ್ಬೇಕು."

ಹೆಡ್ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಮೇಡಂ ಗಂಭೀರವಾಗಿಯೇ, ಪಂಚನಾಮೆ ಬರೆಯೋದಕ್ಕೆ ಹೇಗೂ ಅಷ್ಟು ಹೊತ್ತು ಬೇಕು, ಬರೆದು ಮುಗಿಯುವ ತನಕ ಯಾರೂ ಏನೂ ಮುಟ್ಟಬೇಡಿ ಎಂದರು. ಅವರು ಬರೆಸುವುದರಲ್ಲಿ ಅಂದು ಎಂದೂ ಇಲ್ಲದ ನಿಧಾನ ಕಂಡಿತು. ಬೆಡ್‌ಶೀಟು ಮಡಚಿ ಆದ ಮೇಲೆ ಮೆಷಿನ್‌ಗಳನ್ನು ವಶಕ್ಕೆ ಪಡೆದು, ಹನ್ನೊಂದೂ ಮುಕ್ಕಾಲಿಗೆ ಲಾಂಡ್ರಿಯವನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುಂಚೆ ಅವನು ಇಸ್ತ್ರಿಯ ಹೆಂಗಸರಿಗೆ ಯಾವ ಗಂಟು ಯಾವ ವಾರ್ಡಿಗೆ ಎಂದು ಹೇಳಿ ಬಂದ.

ಅವನ ಹೇಳಿಕೆ ಉದ್ದವೇನೂ ಇರಲಿಲ್ಲ. ಹಸಿ ಬಟ್ಟೆ ಇನ್ನೊಂದು ಸಲ ಬಂದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅದು ಹೋದರೆ ಅಂಗಡಿ ಮುಚ್ಚಬೇಕು. ಟೀಸಿ ಹಗ್ಗ ಕಿತ್ತೆಸೆದ ದಿನ ಅವನು ತಿಂಗಳಿಗಿಷ್ಟು ಕೊಡುತ್ತೇನೆ ಎಂದೂ ಕೇಳಿಕೊಂಡಿದ್ದ. ಭಾನುವಾರ ಇಸ್ತ್ರಿ ಬಟ್ಟೆ ಇಡಲು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಆ ಬಿಸಿಗಾಳಿ ಮಾತ್ರ ತೂತಿನಿಂದ ಮಳೆಗೆ ಸುಮ್ಮನೆ ಹೋಗುತ್ತಿತ್ತು. ಮಳೆ ನಿಂತ ಮೇಲೆ ವಾಪಸ್ ಇಟ್ಟುಬಿಡೋಣ ಎಂದುಕೊಂಡಿದ್ದನಂತೆ. ಇದನ್ನು ನಂಬುವುದೂ ಬಿಡುವುದೂ ನ್ಯಾಯಾಲಯಕ್ಕೆ ಸೇರಿದ್ದು. ಮೇಡಂ ಮಾತ್ರ ನಂಬಿದರು.

ಸಂಜೆ ಟೀಸಿ ಹೆಂಡತಿ ಮಗಳ ಸಮೇತ ಠಾಣೆಗೆ ಬಂದರು. ಅಳಿಯ ಮಹಜರಿಗೆ ಸಹಿ ಹಾಕಿ ಅಲ್ಲೇ ಬೆಂಚಿನ ಮೇಲಿದ್ದ. ಟೀಸಿ ಅವನ ಕಡೆ ತಿರುಗದೆ, ಎಫ್‌ಐಆರ್‌ನಲ್ಲಿ ಅವನ ಹೆಸರು ಹೊಡೆದುಹಾಕಿ ಎಂದು ಮೇಡಂಗೆ ಹೇಳಿದರು.

"ಬರೆದಿದ್ದನ್ನ ಹೊಡೆಯೋಕೆ ಬರಲ್ಲ. ಇವರ ತಪ್ಪಿಲ್ಲ ಅಂತ ಅಂತಿಮ ವರದಿಲಿ ನಾನು ಬರೀತೀನಿ. ಮನೇಲಿ ಆಗ್ಬೇಕಾದ್ದು ನೀವು ಮಾಡ್ಕೊಳ್ಳಿ."

ಲಾಂಡ್ರಿಯವನ ಮಾತು ಬಂದಾಗ ಟೀಸಿಯ ದನಿ ಏರಿತು. ಇಷ್ಟು ವರ್ಷ ನಂಬಿ ಬಟ್ಟೆ ಕೊಟ್ಟ ಮನೆಗೇ ಕನ್ನ ಹಾಕಿದ, ಬಿಡಲೇಬಾರದು ಎಂದರು. ಅವನು ಒಣಗಿಸುತ್ತಿದ್ದುದು ಯಾವ ಆಸ್ಪತ್ರೆಯ ಬೆಡ್‌ಶೀಟು ಎಂದು ಮಗಳು ಕೇಳಿದಳು. ಮೇಡಂ ಹೆರಿಗೆ ಆಸ್ಪತ್ರೆಯ ಹೆಸರು ಹೇಳಿದರು.

"ಅಪ್ಪಾ, ಮುಂದಿನ ವಾರ ನಾನು ಮಲಗೋದು ಆ ಬೆಡ್‌ಶೀಟಿನ ಮೇಲೇನೇ."

ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರದಾದರೂ ತಪ್ಪು ಹಿಡಿಯುತ್ತಿದ್ದ ಮನುಷ್ಯ, ಹಿಡಿಯಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗದೆ ನಿಂತರು. ಅವನಿಗೆ ಜಾಮೀನು ಸಿಗುತ್ತಾ ಎಂದು ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು. ನಾಳೆಯೇ ಸಿಗಬಹುದು, ಮಾಲು ಪೂರ್ತಿ ಸಿಕ್ಕಿದೆ ಎಂದು ಮೇಡಂ ಹೇಳಿದರು. ಸಿಗಲಿ, ನಾನು ತಕರಾರು ಮಾಡಲ್ಲ ಎಂದರು. ಆಮೇಲೆ ಬೆಂಚಿನ ಹತ್ತಿರ ಹೋಗಿ ಅಳಿಯನ ಪಕ್ಕದಲ್ಲಿ ಕೂತರು. ಠಾಣೆಗೆ ಬಂದ ಮೂರು ದಿನದಲ್ಲಿ ಅವರು ಕೂತಿದ್ದು ಅದೇ ಮೊದಲು.

"ನನ್ನಿಂದ ತಪ್ಪಾಯ್ತಪ್ಪ."

ಮಗಳು ಇಬ್ಬರನ್ನೂ ನೋಡುತ್ತಾ ನಿಂತಿದ್ದಳು, ಗಂಡನ ಉತ್ತರದ ಮೇಲೆ ಯಾವ ಮನೆಗೆ ಹೋಗುವುದೆಂದು ತೀರ್ಮಾನಿಸುವವಳಂತೆ.

"ಇವತ್ತು ನನಗೆ ಕೋಪ ಇದೆ ಮಾವ," ಅಂದ ಅವನು ಕಡೆಗೆ. "ನಾಳೆ ಸಂಜೆ ಬರ್ತೀನಿ."

ಮಗಳು ಅಪ್ಪನ ಕೈ ಹಿಡಿದು ಎಬ್ಬಿಸಿದಳು. ತವರಿಗೇ ಹೊರಟಳು.