ಬಾರದೆ ಉಳಿದ ಹದಿನಾಲ್ಕು ಸಾಲು

ತಿರ್ಜಾ ಚರ್ಚಿನ ಗೋಪುರ ಹತ್ತಿ ಬಂದಾಗ ಆಂಬ್ರೋಸ್ ಏಣಿಯ ಮೇಲಿದ್ದ. ಗೋಡೆಯ ಫಲಕದ ಮೂರು ತಿರುಪು ಕಳಚಿಯಾಗಿತ್ತು. ಓರೆಯಾಗಿ ನೇತಾಡುವ ಆ ಹಲಗೆಯ ಮೇಲೆ ಅವಳ ಅಣ್ಣ ಸೈಲಸ್‌ನ ಹೆಸರಿತ್ತು.

"ಅದನ್ನ ಮುಟ್ಟಬೇಡ," ಅಂದಳು.

ಅವನು ತಿರುಗಿದ. ಹನ್ನೊಂದು ತಿಂಗಳಾದ ಮೇಲೆ ಅವಳ ಮುಖ ನೋಡಿದ್ದು ಅದೇ ಮೊದಲು...

ಏಳು ಗಂಟೆಗಳನ್ನು ಎಷ್ಟು ಬಗೆಯ ಸಾಲಿನಲ್ಲಿ ಬಾರಿಸಬಹುದು? ಒಂದರಿಂದ ಏಳರವರೆಗೆ ಗುಣಿಸುತ್ತ ಹೋದರೆ ಐದು ಸಾವಿರದ ನಲವತ್ತು. ಒಂದೊಂದು ಸಾಲೂ ಒಂದೇ ಸಲ ಬರಬೇಕು, ಒಂದೂ ಬಿಡಬಾರದು. ಮೂರು ತಾಸು ಯಾರೂ ಹಗ್ಗ ಬಿಡುವಂತಿಲ್ಲ. ಹೋದ ನವೆಂಬರಿನಲ್ಲಿ ಊರವರು ಅದನ್ನು ಬಾರಿಸಿದ್ದರು. ಒಂದೂ ಬಿಡದೆ ಬಾರಿಸಿದರೆಂದು ಏಳು ಜನರ ಹೆಸರು ಬರೆದು ಗೋಡೆಗೆ ಹಾಕಿದ್ದೇ ಆ ಹಲಗೆ. ಎಲ್ಲಿ ಸಾಲು ತಿರುಗಬೇಕೆಂದು ನೆನಪಿನಿಂದಲೇ ಕೂಗಿದವನು ಆಂಬ್ರೋಸ್; ಒಂದು ಕೂಗು ತಪ್ಪಿದರೆ ಬಂದ ಸಾಲುಗಳೇ ಮತ್ತೆ ಬರುತ್ತವೆ. ನಾಲ್ಕನೆಯ ಗಂಟೆ ಸೈಲಸ್‌ನದು.

ಅದಾದ ಮೂರೇ ವಾರಕ್ಕೆ ಜೌಗಿನ ಮೇಲೆ ಹೆಪ್ಪುಗಟ್ಟಿದ್ದ ಮಂಜುಗಡ್ಡೆ ಕಾಲಡಿ ಒಡೆದು, ಸೈಲಸ್ ಮುಳುಗಿ ತೀರಿಕೊಂಡ. ಪ್ರತಿ ಭಾನುವಾರ ಅವಳ ಜೊತೆ ಮನೆಯವರೆಗೆ ನಡೆಯುತ್ತಿದ್ದ ಆಂಬ್ರೋಸ್, ಅಂದಿನಿಂದ ಅವಳನ್ನು ಕಂಡರೆ ದಾರಿ ಬದಲಿಸಿದ. ಅಣ್ಣನಿಗಾಗಿ ಬರುತ್ತಿದ್ದ, ಅಷ್ಟೇ... ಎಂದುಕೊಂಡಳು ತಿರ್ಜಾ. ಅವಳ ಅಮ್ಮ ಮಾತ್ರ ವಾರವಾರ ಬಂದು ಹಲಗೆಯ ಮೇಲಿನ ಹೆಸರು ಸವರಿ ಹೋಗುತ್ತಿದ್ದಳು.

ಸತ್ತವರಿಗೆ ಬಾರಿಸುವಾಗ ಗಂಟೆಯ ನಾಲಗೆಗೆ ಒಂದು ಬದಿ ಚರ್ಮ ಕಟ್ಟುತ್ತಾರೆ. ಒಂದು ಪೆಟ್ಟು ಸ್ಪಷ್ಟ, ಮರುಪೆಟ್ಟು ನೆಲದಡಿಯಿಂದ ಬಂದಂತೆ. ಆ ಮರುಪೆಟ್ಟು ವರ್ಷವಿಡೀ ಬೆಳಗಿನ ಜಾವ ತಿರ್ಜಾಳ ಕಿವಿಯಲ್ಲಿ ಬಡಿಯುತ್ತಿತ್ತು, ಸೈಲಸ್‌ನ ನಾಲ್ಕನೆಯ ಗಂಟೆಯದು.

"ಈ ಹಲಗೆ ಹೇಳೋದು ಸುಳ್ಳು, ತಿರ್ಜಾ," ಎಂದ ಆಂಬ್ರೋಸ್. "ಒಂದು ಕಡೆ ನಾನು ಕೂಗೋದು ತಪ್ಪಿಸಿದೆ. ಅವತ್ತೇ ಹೇಳಬೇಕಿತ್ತು. ಅಷ್ಟರಲ್ಲಿ ಅವನು ಹೋದ... ನಿನ್ನಮ್ಮ ಅದನ್ನ ಸವರೋದು ನೋಡಿ ಬಾಯಿ ಬರಲಿಲ್ಲ. ನಾಳೆ ಸತ್ತವರನ್ನ ನೆನೆಯೋ ದಿನ, ಅವನಿಗೋಸ್ಕರ ಬಾರಿಸಬೇಕು. ಈ ಸುಳ್ಳಿನ ಕೆಳಗೆ ನಿಂತು ನನ್ನ ಕೈಲಾಗಲ್ಲ."

"ಗೊತ್ತು. ಹದಿನಾಲ್ಕು ಸಾಲು."

ಅವನು ಏಣಿಯ ಮೆಟ್ಟಿಲ ಮೇಲೇ ಕುಳಿತುಬಿಟ್ಟ.

ಬಾರಿಸಿ ಮುಗಿದ ಮೇಲೆ ಸೈಲಸ್ ತನ್ನ ಪುಸ್ತಕದಲ್ಲಿ ಆವತ್ತಿನ ಕೂಗುಗಳನ್ನೆಲ್ಲ ಗುರುತು ಹಾಕಿಕೊಂಡಿದ್ದ. ಅದನ್ನಿಟ್ಟುಕೊಂಡು ತಿರ್ಜಾ ಸಾಲಿನ ಮೇಲೆ ಸಾಲು ಬರೆಯುತ್ತ ಬಂದಿದ್ದಳು, ಅಣ್ಣನ ಕೈ ಹಿಡಿದುಕೊಂಡಂತೆ. ನಿನ್ನೆ ಮುಗಿಯಿತು. ಒಟ್ಟು ಐದು ಸಾವಿರದ ನಲವತ್ತೇ, ಅದಕ್ಕೇ ಯಾರಿಗೂ ತಿಳಿದಿರಲಿಲ್ಲ. ಆದರೆ ಹದಿನಾಲ್ಕು ಸಾಲು ಎರಡೆರಡು ಸಲ ಬಂದಿದ್ದವು. ಅಂದರೆ ಬೇರೆ ಹದಿನಾಲ್ಕು ಬಂದೇ ಇರಲಿಲ್ಲ.

"ಸೈಲಸ್‌ಗೆ ಗೊತ್ತಿತ್ತಾ?"

ತಿರ್ಜಾ ಪುಸ್ತಕ ತೆಗೆದು ಆ ಪುಟದ ಅಂಚು ಓದಿದಳು: "'ಇಲ್ಲಿ ತಿರ್ಜಾ ಒಳಗೆ ಬಂದಳು. ನಮ್ಮ ಕೋಣ ಕಣ್ಣು ಬಿಟ್ಕೊಂಡು ನಿಂತ, ಕೂಗೋದೇ ಮರೆತ. ಇವರಿಬ್ಬರ ಮದುವೆ ಆಗೋವರೆಗೂ ಹೇಳಬಾರದು.'"

ಆಂಬ್ರೋಸ್ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದನೋ ನಗುತ್ತಿದ್ದನೋ, ಅವಳು ಕೇಳಲಿಲ್ಲ.

ಅವಳು ಏಣಿಯ ಬುಡ ಹಿಡಿದು ನಿಂತಳು. "ಇಳಿಸು. ಅಮ್ಮನಿಗೆ ನಾನೇ ಹೇಳ್ತೀನಿ. ಬಿಟ್ಟುಹೋದದ್ದನ್ನೂ ಸೇರಿಸಿ ಪೂರ್ತಿ ಬಾರಿಸೋಣ. ನಾಲ್ಕನೆಯ ಹಗ್ಗ ನಾನು ಹಿಡೀತೀನಿ, ಅಣ್ಣ ಕಲಿಸಿದ್ದ."

"ನೀನು ಎದುರಿಗೆ ನಿಂತರೆ ನಾನು ಮತ್ತೆ ತಪ್ತೀನಿ, ತಿರ್ಜಾ."

"ತಪ್ಪಿದ್ರೆ ತಪ್ಪಲಿ. ಮತ್ತೆ ಮೊದಲಿಂದ ಶುರು ಮಾಡೋಣ."